ಬೆನ್ನುಹುರಿಯ ಔಷಧಿ ಪಂಪ್ ಮತ್ತು ಮೆನಿಂಜೈಟಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ 22 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು. ಈಗ ತೀರ್ಥಹಳ್ಳಿ ಕಡೆ, ಅಕ್ಕನ ಮನೆಯ ಪಕ್ಕದಲ್ಲೇ ಇದ್ದೇನೆ. ಭಾವನಿಗೆ ಹೊಟ್ಟೆಯ ಚರ್ಮದ ಅಡಿಯಲ್ಲಿ ಬ್ಯಾಕ್ಲೋಫೆನ್ (ಕೈಕಾಲಿನ ಸೆಡೆತ ಇಳಿಸುವ ಔಷಧಿ) ಪಂಪ್ ಇದೆ. ಅದಕ್ಕೆ ಸೋಂಕು ತಗುಲಿ ಮೆನಿಂಜೈಟಿಸ್ (ಮೆದುಳು, ಬೆನ್ನುಹುರಿಯ ಪೊರೆಯ ಸೋಂಕು) ಆಗಿ, ಪಂಪ್ ತೆಗೆಸಿ, ಮತ್ತೆ ಹಾಕಿಸಿದ ಮೇಲೆ ನನ್ನ ಫೋನಿಗೆ ಬಿಡುವೇ ಇಲ್ಲ. ಸಾಗರದಿಂದ, ಶಿಕಾರಿಪುರದಿಂದ, ಕೊಪ್ಪದಿಂದ ಕರೆ ಬರುತ್ತವೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ಯಾವ ಔಷಧಿ, ಎಷ್ಟು ಡೋಸ್ ಅಂತ ನಿರ್ಧಾರ ಮಾಡುವುದು ಡಾಕ್ಟರು. ಅವರು ಹೇಳುವುದು ನಿಮಗೆ ಅರ್ಥವಾಗಲಿ, ನೀವು ಹೇಳಬೇಕಾದದ್ದು ಅವರಿಗೆ ಬೇಗ ತಲುಪಲಿ ಅಂತ ಇದು.

ಈ ಪಂಪ್ ಅಂದರೆ ಏನು? ಯಾರಿಗೆ ಹಾಕುತ್ತಾರೆ?

ಬೂಟ್ ಪಾಲಿಶ್ ಡಬ್ಬಿ ನೋಡಿದ್ದೀರಲ್ಲ, ಅದೇ ಥರದ ಲೋಹದ ಡಬ್ಬಿ. ಸಾಮಾನ್ಯವಾಗಿ ಹಾಕುವ ಪಂಪು 8-9 ಸೆಂಟಿಮೀಟರ್ ಅಗಲ, 2 ರಿಂದ 2.5 ಸೆಂಟಿಮೀಟರ್ ದಪ್ಪ ಇರುತ್ತದೆ. ಒಳಗೆ 20 ಅಥವಾ 40 ಮಿಲಿಲೀಟರ್ ಔಷಧಿ ಹಿಡಿಯುತ್ತದೆ. ಅದರಿಂದ ಹೊರಟ ಸಣ್ಣ ಕೊಳವೆ ಚರ್ಮದ ಕೆಳಗೇ ಸೊಂಟ ಸುತ್ತಿ ಬಂದು, ಬೆನ್ನುಹುರಿಯ ಸುತ್ತ ಇರುವ ನೀರಿಗೆ ಸೇರುತ್ತದೆ. ಹನಿ ಹನಿಯಾಗಿ ದಿನವಿಡೀ ಔಷಧಿ ಬಿಡುತ್ತದೆ. ಖಾಲಿಯಾಗುವ ಮೊದಲು, ಕೆಲವು ತಿಂಗಳಿಗೊಮ್ಮೆ, ಚರ್ಮದ ಮೇಲಿಂದ ಸೂಜಿ ಹಾಕಿ ತುಂಬಿಸುತ್ತಾರೆ. ಇದಕ್ಕೆ ರೀಫಿಲ್ ಅನ್ನುತ್ತಾರೆ.

ಬೆನ್ನುಹುರಿಗೆ ಪೆಟ್ಟಾದವರಿಗೆ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಿಗೆ ಕೈಕಾಲು ವಿಪರೀತ ಸೆಡೆತುಕೊಂಡು ಮಾತ್ರೆಗೆ ಬಗ್ಗದೇ ಇದ್ದಾಗ ಬ್ಯಾಕ್ಲೋಫೆನ್ ಪಂಪ್ ಹಾಕುತ್ತಾರೆ. ಬೇರೆ ಯಾವುದಕ್ಕೂ ಬಗ್ಗದ ನೋವಿಗೆ ಮಾರ್ಫಿನ್ ಪಂಪ್ ಹಾಕುವುದೂ ಉಂಟು. ಬ್ಯಾಕ್ಲೋಫೆನ್ ಅನ್ನು ನೇರ ಬೆನ್ನುಹುರಿಯ ನೀರಿಗೆ ಬಿಟ್ಟು ಸೆಡೆತ ಇಳಿಸಬಹುದು ಅಂತ 1984ರಲ್ಲಿ ಅಮೆರಿಕದ ಪೆನ್ ಮತ್ತು ಕ್ರೋಯಿನ್ ಎಂಬ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು.

ನಮ್ಮ ಭಾವ ಕೊಳೆ ರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವರು, ಜಾರಿ ಬಿದ್ದರು. ಮಲೆನಾಡಿನಲ್ಲಿ ಇದು ಯಾರಿಗೂ ಹೊಸ ಸುದ್ದಿ ಅಲ್ಲ. ಒದ್ದೆ ಮರ, ಜುಲೈ ತಿಂಗಳು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಕಾಲು ಸೆಡೆತುಕೊಳ್ಳಲು ಶುರುವಾಯಿತು. ಗಾಲಿಕುರ್ಚಿಯಲ್ಲಿ ಕೂರಿಸಿದರೆ ಕಾಲು ತಾನಾಗಿಯೇ ನೆಟ್ಟಗೆ ಚಾಚಿ, ಅವರು ಜಾರಿ ಕೆಳಗೆ ಬರುತ್ತಿದ್ದರು. ಪಂಪ್ ಹಾಕಿದ ಮೇಲೆಯೇ ನೆಮ್ಮದಿಯಾಗಿ ಕೂತು ಊಟ ಮಾಡಿದ್ದು.

ಪಂಪಿನಿಂದ ಮೆನಿಂಜೈಟಿಸ್ ಹೇಗೆ ಬರುತ್ತದೆ?

ಮೆದುಳು, ಬೆನ್ನುಹುರಿ ಎರಡಕ್ಕೂ ಹೊದಿಕೆಯಂತೆ ಮೂರು ಪೊರೆಗಳಿವೆ. ಆ ಪೊರೆಗೆ ಸೋಂಕು ತಗುಲಿ ಊದಿಕೊಳ್ಳುವುದೇ ಮೆನಿಂಜೈಟಿಸ್. ಮಾಮೂಲಿ ಬ್ಯಾಕ್ಟೀರಿಯಾ ಮೆನಿಂಜೈಟಿಸ್‌ನಲ್ಲಿ ರೋಗಾಣು ಹೆಚ್ಚಾಗಿ ಮೂಗು ಗಂಟಲಿನಿಂದ ರಕ್ತಕ್ಕೆ ಬಂದು ಅಲ್ಲಿಗೆ ಹೋಗುತ್ತದೆ. ಇಲ್ಲಿ ಹಾಗಲ್ಲ. ಹೊಟ್ಟೆಯ ಚರ್ಮದಿಂದ ಬೆನ್ನುಹುರಿಯವರೆಗೆ ನಾವೇ ಒಂದು ದಾರಿ ಮಾಡಿಟ್ಟಿದ್ದೇವೆ. ಪಂಪ್ ಕೂತಿರುವ ಜಾಗಕ್ಕೆ, ಡಾಕ್ಟರು ಪಾಕೆಟ್ ಅನ್ನುತ್ತಾರಲ್ಲ ಅಲ್ಲಿಗೆ, ಸೋಂಕು ಬಂದರೆ ಕೊಳವೆಯ ಗುಂಟ ಒಳಗೆ ಹೋಗಬಹುದು.

ಹೆಚ್ಚಿನವು ಆಪರೇಷನ್ ಆದ ಮೊದಲ ಕೆಲವು ವಾರ, ತಿಂಗಳುಗಳಲ್ಲಿ ಆಗುತ್ತವೆ. ಗಾಯ ಸರಿಯಾಗಿ ಕೂಡದಿದ್ದರೆ, ಬೆನ್ನಿನ ಕಡೆ ನೀರು ಸೋರುತ್ತಿದ್ದರೆ, ತೆಳ್ಳಗಿರುವವರಲ್ಲಿ ಪಂಪಿನ ಅಂಚು ಚರ್ಮವನ್ನು ಒಳಗಿಂದ ಒತ್ತಿ ಸವೆಸಿದರೆ ಅಪಾಯ ಜಾಸ್ತಿ. ರೀಫಿಲ್ ಮಾಡುವಾಗ ಸ್ವಚ್ಛತೆ ತಪ್ಪಿದರೂ ಆಗುತ್ತದೆ, ಆದರೆ ಅದು ಕಡಿಮೆ.

ಯಾವ ರೋಗಾಣು ಅಂದರೆ, ಹೆಚ್ಚಾಗಿ ನಮ್ಮ ಚರ್ಮದ ಮೇಲೇ ಇರುವ ಸ್ಟೆಫೈಲೊಕಾಕಸ್ ಜಾತಿಯವು. ಆಸ್ಪತ್ರೆಗಳಲ್ಲಿ ಕಾಣುವ ಸ್ಯೂಡೊಮೊನಾಸ್‌ನಂಥವೂ ಬರಬಹುದು.

ಯಾವ ಲಕ್ಷಣ ನೋಡಿ ಎಚ್ಚರವಾಗಬೇಕು?

ಜ್ವರ, ತಲೆನೋವು, ಕತ್ತು ಬಗ್ಗದಿರುವುದು, ವಾಂತಿ, ಬೆಳಕು ನೋಡಲು ಆಗದಿರುವುದು, ಮಂಕು, ಮಾತು ತೊದಲುವುದು, ಫಿಟ್ಸ್. ಇವು ಪುಸ್ತಕದ ಲಕ್ಷಣ. ಪಂಪಿನ ಸೋಂಕು ಎಷ್ಟೋ ಸಲ ಇಷ್ಟು ಜೋರಾಗಿ ಬರುವುದಿಲ್ಲ. ಚರ್ಮದ ಸಾಧು ರೋಗಾಣುವಾದರೆ ಸಣ್ಣ ಜ್ವರ, ಸ್ವಲ್ಪ ತಲೆನೋವು, ಊಟ ಸೇರದಿರುವುದು, ಅಷ್ಟೇ ಇರಬಹುದು. ಕತ್ತು ಆರಾಮಾಗಿ ಬಗ್ಗುತ್ತದೆ ಅಂದ ಮಾತ್ರಕ್ಕೆ ಮೆನಿಂಜೈಟಿಸ್ ಇಲ್ಲ ಅಂತಲ್ಲ.

ಜೊತೆಗೆ ಪಂಪಿನ ಜಾಗ ನೋಡಿ. ಕೆಂಪು, ಬಿಸಿ, ಊತ, ಒಸರು. ಸೊಂಟದ ಕೆಳಗೆ ಸ್ಪರ್ಶ ಇಲ್ಲದವರಿಗೆ ಅಲ್ಲಿ ನೋವು ಗೊತ್ತಾಗದೆ ಇರಬಹುದು, ಹಾಗಾಗಿ ಕಣ್ಣಲ್ಲೇ ನೋಡಬೇಕು. ನಮ್ಮ ಅಕ್ಕ ಮೊದಲು ಕಂಡದ್ದು ಭಾವನ ಬನಿಯನ್ ಮೇಲೆ ರೂಪಾಯಿ ನಾಣ್ಯದಷ್ಟು ಒಂದು ಕಲೆ. ಬ್ಯಾಟರಿ ಮುಗಿದು ಪಂಪ್ ಬದಲಿಸಿ ಆಗ ಮೂರು ವಾರ. ಕಲೆ ಒಣಗಿ, ಗಂಜಿ ಹಾಕಿದ ಬಟ್ಟೆಯ ಹಾಗೆ ಅಂಚು ಗಟ್ಟಿಯಾಗಿತ್ತು. ಸಾರು ಚೆಲ್ಲಿರಬೇಕು ಅಂದುಕೊಂಡು ಒಗೆಯಲು ಹಾಕಿದಳು. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಕಲೆ. ಆಗ ಬನಿಯನ್ ಎತ್ತಿ ನೋಡಿದರೆ ಹೊಲಿಗೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತೂತು. ಒಂದು ಕ್ಲಿನಿಕ್ಕಿಗೆ ತೋರಿಸಿದ್ದಕ್ಕೆ ಮುಲಾಮು ಮತ್ತು ಐದು ದಿನದ ಮಾತ್ರೆ ಕೊಟ್ಟರು. ಆ ಐದು ದಿನ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಕಿವುಚುತ್ತದೆ. ನಾನೂ ಪಕ್ಕದ ಮನೆಯಲ್ಲೇ ಇದ್ದೆ, ನನಗೆ ಹೇಳುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು.

ಪಂಪಿನ ಜಾಗದಿಂದ ಏನೇ ಒಸರಿದರೂ ಪಂಪ್ ಹಾಕಿದ ತಂಡಕ್ಕೆ ಅವತ್ತೇ ಫೋನ್ ಮಾಡಿ. ಮುಲಾಮು ಹಚ್ಚಿ ಕಾಯುವ ಗಾಯ ಅಲ್ಲ ಅದು.

ಜ್ವರ ಬಂದು ಕಾಲು ಸೆಡೆತುಕೊಳ್ಳುತ್ತಿದೆ. ಇದು ಸೋಂಕಾ, ಅಥವಾ ಪಂಪಿನ ಔಷಧಿ ನಿಂತಿದೆಯಾ?

ಇದೇ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಜನ ಕೇಳುವುದು ಮಾತ್ರ ಕಡಿಮೆ.

ಪಂಪಿನಿಂದ ಹೋಗುತ್ತಿದ್ದ ಬ್ಯಾಕ್ಲೋಫೆನ್ ದಿಢೀರ್ ನಿಂತರೆ ಕೆಲವೇ ಗಂಟೆಗಳಿಂದ ಎರಡು ಮೂರು ದಿನದೊಳಗೆ ಮೈ ತಿರುಗಿಬೀಳುತ್ತದೆ. ಮೊದಲು ದದ್ದು ಏನೂ ಇಲ್ಲದೆ ಮೈಯೆಲ್ಲ ತುರಿಕೆ. ಹಳೆಯ ಸೆಡೆತ ಮೊದಲಿಗಿಂತ ಜೋರಾಗಿ ವಾಪಸ್. ಆಮೇಲೆ ವಿಪರೀತ ಜ್ವರ, ಗೊಂದಲ, ಬಿಪಿ ಏರುಪೇರು, ಫಿಟ್ಸ್. ಸ್ನಾಯು ಬಿಗಿದು ಬಿಗಿದು ಒಡೆದು, ಅದರ ಕಸ ಮೂತ್ರಪಿಂಡಕ್ಕೆ ಹೋಗಿ ಕಿಡ್ನಿ ಕೈಕೊಡಬಹುದು. ಜೀವವೂ ಹೋಗಬಹುದು. ಅಮೆರಿಕದಲ್ಲಿ ಈ ಔಷಧಿಯ ಲೇಬಲ್ ಮೇಲೆ ಇದೇ ಕಾರಣಕ್ಕೆ ಚೌಕಟ್ಟು ಹಾಕಿದ ಎಚ್ಚರಿಕೆ ಇದೆ.

ಈಗ ನೋಡಿ, ಜ್ವರ, ಮಂಕು, ಬಿಗಿತ. ಮೆನಿಂಜೈಟಿಸ್‌ನದ್ದೂ ಅದೇ ಮುಖ. ಹೊರಗಿಂದ ನೋಡಿ ಇದು ಇದೇ ಅಂತ ಹೇಳುವುದು ಅನುಭವಿ ಡಾಕ್ಟರಿಗೂ ಕಷ್ಟ. ಇನ್ನೂ ತಲೆಬಿಸಿ ಏನೆಂದರೆ ಎರಡೂ ಒಟ್ಟಿಗೇ ಇರಬಹುದು. ಕೊಳವೆ ಜಾರಿರುತ್ತದೆ, ಅಲ್ಲೇ ಸೋಂಕೂ ಆಗಿರುತ್ತದೆ. ಅದಕ್ಕೇ ಒಳ್ಳೆಯ ಡಾಕ್ಟರು ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಡುವುದಿಲ್ಲ. ಸೋಂಕಿಗೆ ಔಷಧಿ ಶುರು ಮಾಡುತ್ತಾರೆ, ಪಂಪ್ ನಡೆಯುತ್ತಿದೆಯಾ ಅಂತಲೂ ನೋಡಿಸುತ್ತಾರೆ.

ಒಂದು ಸುಳಿವು ಹೇಳುತ್ತೇನೆ. ತುರಿಕೆ ಮತ್ತು ಸೆಡೆತ ಮೊದಲು ಬಂದು ಜ್ವರ ಆಮೇಲೆ ಬಂದರೆ ಔಷಧಿ ನಿಂತಿರುವ ಅನುಮಾನ ಹೆಚ್ಚು. ಸುಳಿವು ಅಷ್ಟೇ, ತೀರ್ಪಲ್ಲ. ಪಂಪ್ ಬೀಪ್ ಅನ್ನುತ್ತಿದೆಯಾ ಕಿವಿಗೊಟ್ಟು ಕೇಳಿ. ಕೆಲವು ಪಂಪುಗಳಲ್ಲಿ ಔಷಧಿ ಕಡಿಮೆಯಾದರೆ ಒಂದೇ ಸ್ವರದ ಬೀಪ್, ನಿಂತೇ ಹೋದಂಥ ದೊಡ್ಡ ತೊಂದರೆಗೆ ಎರಡು ಸ್ವರದ ಬೀಪ್. ಮಳೆಗಾಲದ ರಾತ್ರಿ ಜೀರುಂಡೆ, ಕಪ್ಪೆಗಳ ಗದ್ದಲದಲ್ಲಿ ಅದು ಕೇಳಿಸುವುದೇ ಇಲ್ಲ. ಕಿಟಕಿ ಮುಚ್ಚಿ, ಹೊಟ್ಟೆಯ ಹತ್ತಿರ ಕಿವಿಯಿಟ್ಟು ಕೇಳಬೇಕು. ಕೊಳವೆ ತುಂಡಾದರೆ ಅಥವಾ ಜಾರಿದರೆ ಪಂಪಿಗೆ ಗೊತ್ತಾಗುವುದಿಲ್ಲ, ಬೀಪೂ ಬರುವುದಿಲ್ಲ. ಅದೂ ನೆನಪಿರಲಿ.

ಸ್ವಾಧೀನ ಇಲ್ಲದವರಿಗೆ ಜ್ವರ ಬಂದರೆ ಮೂತ್ರದ ಸೋಂಕು ತಾನೇ?

ಹತ್ತು ಸಲದಲ್ಲಿ ಬಹಳ ಸಲ ಹೌದು. ಇಲ್ಲವಾದರೆ ಹಾಸಿಗೆ ಹುಣ್ಣು. ಅದಕ್ಕೇ ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ಕ್ಯಾಥೆಟರ್ (ಮೂತ್ರದ ನಳಿಕೆ) ಹಾಕಿಕೊಳ್ಳುವವರ ಮೂತ್ರ ಪರೀಕ್ಷೆಯಲ್ಲಿ ಯಾವಾಗ ನೋಡಿದರೂ ಒಂದಷ್ಟು ಬ್ಯಾಕ್ಟೀರಿಯಾ ಸಿಗುತ್ತವೆ. ವರದಿಯಲ್ಲಿ ಅದನ್ನು ಕಂಡ ಕೂಡಲೇ ಉತ್ತರ ಸಿಕ್ಕಿತು ಅನಿಸುತ್ತದೆ. ಪಂಪ್ ಇದ್ದರೆ, ಅದರಲ್ಲೂ ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಆ ಉತ್ತರ ಸಾಲದು.

ನಮ್ಮಲ್ಲಿ ಮಂಗನ ಕಾಯಿಲೆ ಇದೆಯಲ್ಲ, ಅದೂ ಆಗಿರಬಹುದಾ?

ಆಗಿರಬಹುದು. 1957ರಲ್ಲಿ ಈ ಕಾಯಿಲೆ ಗುರುತಾದದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚಿ ಬರುವ ವೈರಸ್ ಜ್ವರ ಅದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ, ತಲೆನೋವು, ಕತ್ತು ಬಿಗಿತ, ಮಂಕು ಎಲ್ಲ ಬರುತ್ತದೆ. ಡಿಸೆಂಬರಿನಿಂದ ಮೇ ತನಕ ನಮ್ಮ ಕಡೆ ಆಸ್ಪತ್ರೆಯಲ್ಲಿ ಇಂಥ ಜ್ವರ ಕಂಡರೆ ಮೊದಲು ಅದೇ ನೆನಪಾಗುತ್ತದೆ. ಇಲಿ ಜ್ವರ, ಡೆಂಗಿ, ಸ್ಕ್ರಬ್ ಟೈಫಸ್ ಕೂಡ ಪಟ್ಟಿಯಲ್ಲಿ ಇರುತ್ತವೆ.

ಪರೀಕ್ಷೆಗೆ ರಕ್ತ ಕೊಡಿ, ತಪ್ಪೇನಿಲ್ಲ. ಆದರೆ ಅದರ ವರದಿ ಬರಲಿ ಅಂತ ಪಂಪಿನ ತನಿಖೆ ನಿಲ್ಲಿಸಬಾರದು. ಗಾಲಿಕುರ್ಚಿಯಲ್ಲಿ ಇರುವ, ಎರಡು ತಿಂಗಳಿಂದ ಅಂಗಳ ದಾಟದ ಮನುಷ್ಯನಿಗೆ ಉಣುಗು ಎಲ್ಲಿಂದ ಕಚ್ಚೀತು ಅಂತ ನಾನು ಒಬ್ಬ ಹುಡುಗ ಡಾಕ್ಟರಿಗೆ ಕೇಳಿದ್ದೆ. ಅವನು ನಕ್ಕು, ನಿಮ್ಮ ನಾಯಿ ಕಾಡಿಗೆ ಹೋಗಿ ಬರುವುದಿಲ್ವಾ ಅಮ್ಮ ಅಂದ. ಸರಿ ಅನ್ನಿಸಿತು.

ಮೊದಲು ಎಲ್ಲಿಗೆ ಹೋಗಬೇಕು? ಸೀದಾ ಬೆಂಗಳೂರಿಗಾ?

ಪಂಪ್ ಹಾಕಿದ್ದು ಬೆಂಗಳೂರಿನಲ್ಲಿ ಅಂತ ಜ್ವರದಲ್ಲಿ ಕುದಿಯುವವರನ್ನು ಕಾರಿನಲ್ಲಿ ಮಲಗಿಸಿಕೊಂಡು 300 ಕಿಲೋಮೀಟರ್ ಹೋಗಬೇಡಿ. ಹತ್ತಿರದ, ಐಸಿಯು ಇರುವ ಆಸ್ಪತ್ರೆಗೆ ಮೊದಲು. ನಮ್ಮ ಕಡೆಯಾದರೆ ಶಿವಮೊಗ್ಗದ ಮೆಗ್ಗಾನ್ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಅಲ್ಲಿ ರಕ್ತದ ಕಲ್ಚರ್ (ರೋಗಾಣು ಬೆಳೆಸಿ ಯಾವುದು ಅಂತ ನೋಡುವ ಪರೀಕ್ಷೆ) ತೆಗೆದು, ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ನಾಳಕ್ಕೆ ಕೊಟ್ಟು, ಬಿಪಿ, ಉಸಿರಾಟ ನೋಡಿ, ಆಮೇಲೆ ಬೇಕಿದ್ದರೆ 108ರಲ್ಲೋ ಬೇರೆ ಆಂಬುಲೆನ್ಸಿನಲ್ಲೋ ಮುಂದೆ ಹೋಗಬಹುದು. ನ್ಯೂರೋಸರ್ಜರಿ ಬೇಕು ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ, ಇಲ್ಲವೇ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರೂ ಇದ್ದಾರೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯ ಸ್ಥಿತಿ ಕೇಳಿಕೊಂಡೇ ಹೊರಡಿ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಮೊದಲು ಲಾಂಚ್ ನಿಂತ ಮೇಲೆ ರಾತ್ರಿ ದಾಟುವುದೇ ದೊಡ್ಡ ಕಷ್ಟವಾಗಿತ್ತು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಆ ತಾಪತ್ರಯ ಇಲ್ಲ.

ಕ್ಯಾಶುಯಲ್ಟಿಯಲ್ಲಿ ನಿಮ್ಮ ಮೊದಲ ಮಾತು ಹೀಗಿರಲಿ: "ಡಾಕ್ಟ್ರೇ, ಇವರ ಹೊಟ್ಟೆಯಲ್ಲಿ ಬ್ಯಾಕ್ಲೋಫೆನ್ ಪಂಪ್ ಇದೆ, ಕೊಳವೆ ಬೆನ್ನುಹುರಿಗೆ ಹೋಗಿದೆ." ಜ್ವರದ ಕತೆ ಆಮೇಲೆ. ಪಂಪಿನ ಕಾರ್ಡು, ಕೊನೆಯ ರೀಫಿಲ್ ಚೀಟಿ, ದಿನಕ್ಕೆ ಎಷ್ಟು ಮೈಕ್ರೋಗ್ರಾಂ ಅನ್ನುವ ಲೆಕ್ಕ, ಪಂಪ್ ತಂಡದ ಫೋನ್ ನಂಬರ್ ಕೈಯಲ್ಲಿರಲಿ. ಕಿರಿಯ ಡಾಕ್ಟರುಗಳಲ್ಲಿ ಈ ಪಂಪನ್ನು ಕಣ್ಣಾರೆ ಕಂಡವರು ಕಡಿಮೆ. ಅದು ಅವರ ತಪ್ಪಲ್ಲ. ಪೇಸ್‌ಮೇಕರಾ ಅಂತ ಕೇಳಿದರೆ ಸಿಟ್ಟು ಮಾಡಿಕೊಳ್ಳದೆ ವಿವರಿಸಿ, ತಂಡಕ್ಕೆ ಫೋನ್ ಹಚ್ಚಿಕೊಡಿ.

ದಾರಿಯಲ್ಲಿ ಒಂದು ಆ್ಯಂಟಿಬಯೋಟಿಕ್ ಮಾತ್ರೆ ಕೊಡಲಾ?

ಬೇಡ. ಮಾತ್ರೆಯಿಂದ ಮೆನಿಂಜೈಟಿಸ್ ಹೋಗುವುದಿಲ್ಲ. ರೋಗಾಣುವನ್ನು ಅರ್ಧಂಬರ್ಧ ಮಂಕು ಮಾಡಿ ಕಲ್ಚರ್‌ನಲ್ಲಿ ಬೆಳೆಯದ ಹಾಗೆ ಮಾಡುತ್ತದೆ, ಅಷ್ಟೇ. ಭಾವನಿಗೆ ಆದದ್ದೂ ಅದೇ. ಐದು ದಿನದ ಆ ಮಾತ್ರೆಯಿಂದಾಗಿ ಮೊದಲ ಕಲ್ಚರ್ ಖಾಲಿ ಬಂತು.

ಬೆನ್ನಿನಿಂದ ನೀರು ತೆಗೆಯಲೇಬೇಕಾ? ಭಯ ಆಗುತ್ತೆ.

ಇದ್ದ ಸ್ವಾಧೀನವೂ ಹೋಗುತ್ತದೆ ಅಂತ ಊರಲ್ಲಿ ಹೆದರಿಸುವವರು ಇದ್ದೇ ಇರುತ್ತಾರೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲಿನ, ಕೆಳಗಿನ ಜಾಗದಲ್ಲಿ. ಪಂಪ್ ಇದ್ದವರಲ್ಲಿ ಇರುವ ನಿಜವಾದ ಎಚ್ಚರಿಕೆ ಬೇರೆ. ಸೂಜಿ ಕೊಳವೆಗೆ ತಾಗಿ ಅದು ತೂತಾಗಬಾರದು. ಹಾಗಾಗಿ ಕೊಳವೆ ಯಾವ ಮಟ್ಟದಲ್ಲಿದೆ ಅಂತ ಎಕ್ಸ್‌ರೇಯಲ್ಲಿ ನೋಡಿಕೊಂಡು ತೆಗೆಯುತ್ತಾರೆ. ಕೆಲವು ಪಂಪುಗಳಲ್ಲಿ ಕೊಳವೆಗೆ ನೇರ ಸೇರುವ ಪಕ್ಕದ ಬಾಗಿಲು ಇರುತ್ತದೆ, ಅಲ್ಲಿಂದಲೂ ನೀರು ಎಳೆಯಬಹುದು. ಅದನ್ನು ಪಂಪ್ ಗೊತ್ತಿರುವವರೇ ಮಾಡಬೇಕು. ಅಲ್ಲಿ ಎಳೆಯುವ ಬದಲು ಏನಾದರೂ ಒಳಗೆ ತಳ್ಳಿದರೆ ಕೊಳವೆಯಲ್ಲಿದ್ದ ಔಷಧಿಯೆಲ್ಲ ಒಮ್ಮೆಗೇ ಒಳಗೆ ಹೋಗಿ ಮನುಷ್ಯ ನಿದ್ದೆಗೆ ಜಾರಿ ಉಸಿರು ನಿಧಾನವಾಗಬಹುದು.

ಒಳ್ಳೆಯ ನೀರು ಬಾವಿ ನೀರಿನ ಹಾಗೆ ತಿಳಿ ಇರುತ್ತದೆ. ಭಾವನದ್ದು ಅಕ್ಕಿ ತೊಳೆದ ಎರಡನೇ ನೀರಿನ ಹಾಗಿತ್ತು. ಅದರಲ್ಲಿ ಬಿಳಿ ರಕ್ತಕಣ, ಸಕ್ಕರೆ, ಪ್ರೋಟೀನ್ ಎಷ್ಟಿದೆ ನೋಡುತ್ತಾರೆ, ಕಲ್ಚರ್‌ಗೆ ಹಾಕುತ್ತಾರೆ. ಕೆಲವು ಸೋಮಾರಿ ರೋಗಾಣುಗಳು ಬೆಳೆಯಲು ಹತ್ತು ದಿನ ಬೇಕು. ಮೂರನೇ ದಿನಕ್ಕೆ ಏನೂ ಬೆಳೆದಿಲ್ಲ ಅಂದರೆ ಕತೆ ಮುಗಿದಿಲ್ಲ.

ನೀರು ತೆಗೆಯುವುದು ತಡವಾಗುತ್ತದೆ ಅಂತಾದರೆ ರಕ್ತದ ಕಲ್ಚರ್ ತೆಗೆದು ಔಷಧಿ ಶುರು ಮಾಡಿಬಿಡುತ್ತಾರೆ. ಅದೇ ಸರಿ.

ಯಾವ ಔಷಧಿ ಕೊಡುತ್ತಾರೆ? ಎಷ್ಟು ದಿನ?

ರೋಗಾಣು ಯಾವುದು ಅಂತ ಗೊತ್ತಾಗುವ ಮೊದಲು ಎರಡು ಕಡೆಗೂ ಬಲೆ ಬೀಸುತ್ತಾರೆ. ಸ್ಟೆಫೈಲೊಕಾಕಸ್‌ಗೆ ವ್ಯಾಂಕೊಮೈಸಿನ್. ಸ್ಯೂಡೊಮೊನಾಸ್‌ನಂಥವಕ್ಕೆ ಸೆಫೆಪೀಮ್, ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್, ಇವುಗಳಲ್ಲಿ ಒಂದು. ಆಸ್ಪತ್ರೆಯ ಉಪಕರಣಗಳಿಂದ ಬರುವ ಮೆನಿಂಜೈಟಿಸ್ ಬಗ್ಗೆ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2017ರಲ್ಲಿ ಕೊಟ್ಟ ಮಾರ್ಗಸೂಚಿಯೂ ಹೀಗೇ ಹೇಳುತ್ತದೆ. ಮಾಮೂಲಿ ಮೆನಿಂಜೈಟಿಸ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಲ್ಲಿ ಸಾಲದು, ಅದು ಸ್ಯೂಡೊಮೊನಾಸ್‌ಗೆ ತಾಗುವುದಿಲ್ಲ. ಪಂಪ್ ಇದೆ ಅಂತ ಮೊದಲೇ ಹೇಳಿ ಅಂತ ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೂ ಹೌದು.

ಕಲ್ಚರ್ ವರದಿ ಬಂದ ಮೇಲೆ ಔಷಧಿ ಬದಲಾಗುತ್ತದೆ. ಬದಲಾಯಿಸಿದರು ಅಂತ ಗಾಬರಿ ಬೇಡ, ಈಗ ಗುರಿಯಿಟ್ಟು ಹೊಡೆಯುತ್ತಿದ್ದಾರೆ ಅಂತ ಅರ್ಥ.

ಚರ್ಮದ ಸಾಧು ರೋಗಾಣುವಾಗಿ, ನೀರಿನಲ್ಲಿ ಕಣಗಳು ಅಷ್ಟೇನೂ ಏರದಿದ್ದರೆ 10 ದಿನ. ಕಣ ಏರಿದ್ದರೆ, ಅಥವಾ ಸ್ಟೆಫೈಲೊಕಾಕಸ್ ಆರಿಯಸ್‌ನಂಥ ಖಾರದ ಜಾತಿಯಾದರೆ 10 ರಿಂದ 14 ದಿನ. ಸ್ಯೂಡೊಮೊನಾಸ್ ಥರದವಕ್ಕೆ 21 ದಿನ ಕೊಡುವ ಡಾಕ್ಟರೂ ಇದ್ದಾರೆ. ಔಷಧಿ ನಡೆಯುತ್ತಿದ್ದರೂ ಕಲ್ಚರ್‌ನಲ್ಲಿ ಮತ್ತೆ ಮತ್ತೆ ರೋಗಾಣು ಬೆಳೆದರೆ, ಕೊನೆಯ ಸಲ ಬೆಳೆದ ದಿನದಿಂದ ಲೆಕ್ಕ ಹೊಸದಾಗಿ ಶುರು. ಭಾವನ ವಿಷಯದಲ್ಲಿ ಹಾಗೇ ಆಯಿತು. ಅಕ್ಕ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು. ಎಂಟನೇ ದಿನ ಡಾಕ್ಟರು ಮತ್ತೆ ಒಂದರಿಂದ ಎಣಿಸಿ ಅಂದಾಗ ಪೆನ್ನು ಕೆಳಗಿಟ್ಟುಬಿಟ್ಟಳು.

ಎಲ್ಲ ನಾಳದಲ್ಲೇ ಕೊಡುವ ಔಷಧಿ. ವ್ಯಾಂಕೊಮೈಸಿನ್ ಒಂದು ಗಂಟೆಗಾದರೂ ನಿಧಾನವಾಗಿ ಹೋಗಬೇಕು. ಬೇಗ ಬಿಟ್ಟರೆ ಮುಖ, ಕತ್ತು ಕೆಂಪಾಗಿ ತುರಿಕೆ ಬರುತ್ತದೆ. ಬಾಟಲಿ ನಿಧಾನ ಆಯಿತು ಅಂತ ಕಂಡಕಂಡವರು ಗಾಲಿ ತಿರುಗಿಸಬೇಡಿ, ದಯವಿಟ್ಟು. ನಡುನಡುವೆ ರಕ್ತ ತೆಗೆದು ಔಷಧಿಯ ಮಟ್ಟ, ಕಿಡ್ನಿಯ ಸ್ಥಿತಿ ನೋಡುತ್ತಾರೆ. ದಿನಾ ಯಾಕೆ ರಕ್ತ ಹೀರುತ್ತಾರೆ ಅಂತ ಬೈಯುವವರಿಗೆ ಇದೇ ಉತ್ತರ.

ಇನ್ನೊಂದು ಮಾತು. ಫಿಟ್ಸ್‌ಗೆ ವಾಲ್ಪ್ರೊಯೇಟ್ ತೆಗೆದುಕೊಳ್ಳುವ ಮಕ್ಕಳು ಬಹಳ ಇದ್ದಾರೆ. ಮೆರೊಪೆನೆಮ್ ಕೊಟ್ಟರೆ ರಕ್ತದಲ್ಲಿ ವಾಲ್ಪ್ರೊಯೇಟ್ ಮಟ್ಟ ಧಡಕ್ಕನೆ ಇಳಿದು ಫಿಟ್ಸ್ ವಾಪಸ್ ಬರಬಹುದು. ಮಗುವಿಗೆ ಆ ಔಷಧಿ ಇದ್ದರೆ ಡಾಕ್ಟರಿಗೆ ಹೇಳಲು ಮರೆಯಬೇಡಿ.

ಪಂಪ್ ತೆಗೆಯದೆ ಗುಣ ಮಾಡಲು ಆಗಲ್ವಾ?

ಅಷ್ಟು ದುಡ್ಡು ಹಾಕಿ ಹಾಕಿಸಿದ್ದು, ತೆಗೆಯಿರಿ ಅಂದರೆ ಹೊಟ್ಟೆ ಉರಿಯುತ್ತದೆ. ನನಗೂ ಉರಿದಿತ್ತು.

ಆದರೆ ವಿಷಯ ಹೀಗಿದೆ. ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಹಿಡಿಯುತ್ತದಲ್ಲ, ರೋಗಾಣುಗಳು ಪಂಪಿನ ಮೇಲೆ, ಕೊಳವೆಯ ಒಳಗೆ ಅಂಥದ್ದೇ ಲೋಳೆ ಪದರ ಕಟ್ಟಿಕೊಂಡು ಕೂರುತ್ತವೆ. ಮೇಲೆ ನೀರು ಹೊಯ್ದರೆ ಹಾವಸೆ ಹೋಗುತ್ತದಾ? ಆ್ಯಂಟಿಬಯೋಟಿಕ್ ಕೂಡ ಅಲ್ಲಿ ಹಾಗೇ ಜಾರಿ ಹೋಗುತ್ತದೆ. ತೇಲುವ ರೋಗಾಣು ಸಾಯುತ್ತದೆ, ಜ್ವರ ಇಳಿಯುತ್ತದೆ, ಗುಣವಾಯಿತು ಅಂತ ಮನೆಗೆ ಬಂದ ಮೇಲೆ ಪದರದೊಳಗಿನದ್ದು ಮತ್ತೆ ಎದ್ದು ಬರುತ್ತದೆ. ಅದಕ್ಕೇ ಮೆನಿಂಜೈಟಿಸ್ ಆದರೆ ಪಂಪ್, ಕೊಳವೆ ಎರಡನ್ನೂ ಪೂರ್ತಿ ತೆಗೆಯುವುದೇ ವಾಡಿಕೆ. ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ಪಂಪ್ ಉಳಿಸಿಕೊಂಡು, ಅದರ ಮೂಲಕವೇ ವ್ಯಾಂಕೊಮೈಸಿನ್ ಬಿಟ್ಟು ಗುಣಪಡಿಸಿದ ಉದಾಹರಣೆಗಳು ವೈದ್ಯರ ಬರಹಗಳಲ್ಲಿ ಇವೆ. ಆಪರೇಷನ್ ತಡೆದುಕೊಳ್ಳಲಾರದವರಿಗೆ, ಸಾಧು ರೋಗಾಣು ಇದ್ದಾಗ ಅಂಥ ಪ್ರಯತ್ನ ಮಾಡುತ್ತಾರೆ. ನಾವೂ ಕೇಳಿದೆವು. ಸರ್ಜನ್ ಒಂದೇ ಮಾತು ಹೇಳಿದರು: "ಪಾಕೆಟ್‌ನಲ್ಲಿ ಕೀವಿದೆ ಅಮ್ಮ, ಇದು ಉಳಿಯೋದಲ್ಲ." ನನಗೆ ಕೇಳಿದರೆ, ಉಳಿಸಲು ಒದ್ದಾಡಿ ಎರಡು ಸಲ ಮೆನಿಂಜೈಟಿಸ್ ಅನುಭವಿಸುವುದಕ್ಕಿಂತ ಒಂದೇ ಸಲ ತೆಗೆಸುವುದು ಮೇಲು.

ಪಂಪ್ ತೆಗೆದರೆ ಬ್ಯಾಕ್ಲೋಫೆನ್ ನಿಲ್ಲುತ್ತದಲ್ಲ, ಆಗ?

ಸರಿಯಾದ ಪ್ರಶ್ನೆ. ಆಪರೇಷನ್ ಥಿಯೇಟರಿಗೆ ಹೋಗುವ ಮೊದಲು ಇದಕ್ಕೆ ಉತ್ತರ ನಿಮ್ಮ ಕೈಯಲ್ಲಿರಬೇಕು. ಡಾಕ್ಟರನ್ನು ನೇರ ಕೇಳಿ.

ಸಮಯ ಇದ್ದರೆ ಪಂಪಿನ ಡೋಸನ್ನು ಹಂತಹಂತವಾಗಿ ಇಳಿಸುತ್ತಾರೆ. ಮೆನಿಂಜೈಟಿಸ್‌ನಲ್ಲಿ ಅಷ್ಟು ಸಮಯ ಸಿಗುವುದು ಅಪರೂಪ. ಆಗ ಬಾಯಿಯ ಮೂಲಕ ಅಥವಾ ಮೂಗಿನ ನಳಿಕೆಯ ಮೂಲಕ ಬ್ಯಾಕ್ಲೋಫೆನ್ ದೊಡ್ಡ ಡೋಸಿನಲ್ಲಿ, ಜೊತೆಗೆ ಡಯಾಜೆಪಾಮ್ ಅಥವಾ ಮಿಡಾಜೊಲಾಮ್. ಕೆಲವರಿಗೆ ಸೈಪ್ರೊಹೆಪ್ಟಡೀನ್ ಕೂಡ ಸೇರಿಸುತ್ತಾರೆ. ಕೆಲವು ಕಡೆ ಬೆನ್ನಿಗೆ ತಾತ್ಕಾಲಿಕ ಹೊರಗಿನ ಕೊಳವೆ ಹಾಕಿ ಔಷಧಿ ಮುಂದುವರಿಸುವುದೂ ಉಂಟು.

ಮಾತ್ರೆ ಯಾಕೆ ಪೂರ್ತಿ ಸಾಲುವುದಿಲ್ಲ ಅಂದರೆ, ಪಂಪಿನ ಡೋಸ್ ನೂರಾರು ಮೈಕ್ರೋಗ್ರಾಂ, ಮಾತ್ರೆಯದ್ದು ಹತ್ತಾರು ಮಿಲಿಗ್ರಾಂ. 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಲೆಕ್ಕಕ್ಕೆ ಮಾತ್ರೆಯೇ ಜಾಸ್ತಿ ಕಾಣುತ್ತದೆ. ಆದರೆ ನುಂಗಿದ್ದರಲ್ಲಿ ಬೆನ್ನುಹುರಿಗೆ ತಲುಪುವುದು ಚೂರೇ ಚೂರು. ಪಂಪಿನದ್ದು ನೇರ ಅಲ್ಲಿಗೇ ಬೀಳುತ್ತಿತ್ತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾಕ್ಲೋಫೆನ್ ಬಹುಪಾಲು ಹೊರಹೋಗುವುದು ಕಿಡ್ನಿಯ ಮೂಲಕ. ವ್ಯಾಂಕೊಮೈಸಿನ್ ಕಿಡ್ನಿಯನ್ನು ದಣಿಸಬಹುದು. ಹಾಗಾದಾಗ ಮಾತ್ರೆಯ ಬ್ಯಾಕ್ಲೋಫೆನ್ ಮೈಯಲ್ಲೇ ಶೇಖರವಾಗಿ ಮನುಷ್ಯ ತೂಕಡಿಸುತ್ತಾನೆ. ಭಾವ ಆಪರೇಷನ್ ಆದ ಆರನೇ ದಿನ ಎಬ್ಬಿಸಿದರೂ ಏಳದ ಹಾಗೆ ಮಲಗಿದ್ದರು. ಸೋಂಕು ಮೆದುಳಿಗೆ ಏರಿತು ಅಂತ ಅಕ್ಕ ಅಳಲು ಶುರು ಮಾಡಿದಳು. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿದರೆ ಮೊದಲಿನ ಎರಡು ಪಟ್ಟು. ಎರಡೂ ಔಷಧಿಯ ಡೋಸ್ ಇಳಿಸಿದರು. ಎರಡು ದಿನದಲ್ಲಿ ಎದ್ದು ಕೂತು ಕಾಫಿ ಕೇಳಿದರು. ಅದಕ್ಕೇ ಹೇಳುವುದು, ತೂಕಡಿಕೆ ಜಾಸ್ತಿಯಾದರೂ ಹೇಳಿ, ಸೆಡೆತ ಜಾಸ್ತಿಯಾದರೂ ಹೇಳಿ. ಹಾಸಿಗೆ ಪಕ್ಕ ದಿನವಿಡೀ ಕೂತಿರುವವರು ನೀವು. ನಿಮಗೆ ಕಂಡಷ್ಟು ರೌಂಡ್ಸ್‌ನಲ್ಲಿ ಐದು ನಿಮಿಷ ಬಂದು ಹೋಗುವವರಿಗೆ ಕಾಣುವುದಿಲ್ಲ.

ಮಾರ್ಫಿನ್ ಪಂಪ್ ಆದರೂ ಹೀಗೇನಾ?

ಸೋಂಕಿನ ಚಿಕಿತ್ಸೆ ಅದೇ. ದಿಢೀರ್ ನಿಂತರೆ ನೋವು, ಬೆವರು, ಭೇದಿ, ಚಡಪಡಿಕೆ. ಬಹಳ ಹಿಂಸೆ, ಆದರೆ ಬ್ಯಾಕ್ಲೋಫೆನ್‌ನಷ್ಟು ಜೀವಕ್ಕೆ ಕುತ್ತಲ್ಲ.

ಮನೆಯವರಿಗೆ ಅಂಟುತ್ತದಾ?

ಇಲ್ಲ. ಪಂಪಿನ ಸೋಂಕಿನಿಂದ ಬಂದ ಮೆನಿಂಜೈಟಿಸ್ ಪಕ್ಕದಲ್ಲಿ ಕೂತರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಲ್ಲ. ಮನೆಯವರು ಮಾತ್ರೆ ನುಂಗಬೇಕಾದದ್ದು ಮೆನಿಂಗೊಕಾಕಸ್ ಎಂಬ ಬೇರೆ ರೋಗಾಣುವಿನ ಮೆನಿಂಜೈಟಿಸ್‌ನಲ್ಲಿ.

ಪಂಪ್ ಇದ್ದರೆ ಎಂಆರ್‌ಐ ಮಾಡಬಹುದಾ?

ಈಗಿನ ಹೆಚ್ಚಿನ ಪಂಪುಗಳಿಗೆ ಷರತ್ತುಗಳೊಂದಿಗೆ ಮಾಡಬಹುದು. ಕಾರ್ಡ್ ತೋರಿಸಿ. ಅಯಸ್ಕಾಂತದ ಒಳಗೆ ಪಂಪಿನ ಮೋಟಾರು ತಾತ್ಕಾಲಿಕವಾಗಿ ನಿಲ್ಲುತ್ತದೆ, ಹೊರಬಂದ ಮೇಲೆ ಮತ್ತೆ ನಡೆಯಬೇಕು. ನಡೆಯಿತಾ ಅಂತ ಯಂತ್ರ ಹಿಡಿದು ನೋಡಿಸಿಕೊಳ್ಳದೆ ಮನೆಗೆ ಬರಬೇಡಿ.

ಖರ್ಚಿಗೆ ಏನು ದಾರಿ?

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಯಾವ ಚಿಕಿತ್ಸೆ ಅದರೊಳಗೆ ಬರುತ್ತದೆ, ರೆಫರಲ್ ಬೇಕಾ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ದಾಖಲಾದ ದಿನವೇ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ಪ್ರಯೋಜನ ಇಲ್ಲ. ರೇಷನ್ ಕಾರ್ಡ್, ಆಧಾರ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಪಂಪಿನ ಕಾರ್ಡಿನ ಜೊತೆಗೇ ಇಟ್ಟಿರಿ. ನಮ್ಮ ಮನೆಯಲ್ಲಿ ಅದು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತದೆ.

ಮತ್ತೆ ಪಂಪ್ ಹಾಕಿಸಬಹುದಾ? ಯಾವಾಗ?

ಹಾಕಿಸಬಹುದು. ಆ್ಯಂಟಿಬಯೋಟಿಕ್ ಮುಗಿದು, ಬೆನ್ನಿನ ನೀರು ಸ್ವಚ್ಛ ಅಂತ ಖಾತ್ರಿಯಾಗಿ, ಹಳೆಯ ಗಾಯ ಒಣಗಿರಬೇಕು. ಹೊಸದನ್ನು ಸಾಮಾನ್ಯವಾಗಿ ಹೊಟ್ಟೆಯ ಇನ್ನೊಂದು ಬದಿಗೆ ಹಾಕುತ್ತಾರೆ. ಅಷ್ಟರಲ್ಲಿ ಹಾಸಿಗೆ ಹುಣ್ಣು ಇದ್ದರೆ ಮಾಯಿಸಿಕೊಳ್ಳಿ, ಮೂತ್ರದ ಸೋಂಕು ಇದ್ದರೆ ವಾಸಿ ಮಾಡಿಕೊಳ್ಳಿ. ನಡುವಿನ ಆ ತಿಂಗಳುಗಳು ಕಷ್ಟ. ಮಾತ್ರೆಯಲ್ಲಿ ಸೆಡೆತ ಪೂರ್ತಿ ಹಿಡಿತಕ್ಕೆ ಬರುವುದಿಲ್ಲ. ಫಿಸಿಯೋಥೆರಪಿ ಬಿಡಬೇಡಿ, ಇಲ್ಲವಾದರೆ ಕೀಲು ಹಾಗೇ ಕೂತುಬಿಡುತ್ತದೆ.

ಮನೆಯಲ್ಲಿ ಏನು ಎಚ್ಚರಿಕೆ ತೆಗೆದುಕೊಳ್ಳಬೇಕು?

ಹೊಲಿಗೆ ಮಾಯುವ ತನಕ ಅರಿಶಿನ, ಕೊಬ್ಬರಿ ಎಣ್ಣೆ, ಯಾವುದೋ ಸೊಪ್ಪಿನ ರಸ, ಏನೂ ಬೇಡ. ಹಂಡೆ ನೀರಿನ ಸ್ನಾನ ಎಷ್ಟೇ ಹಿತವಾಗಿದ್ದರೂ ಗಾಯ ನೆನೆಸಬೇಡಿ. ಮಳೆಗಾಲದಲ್ಲಿ ಬಟ್ಟೆ ಒಣಗದ ಸಮಸ್ಯೆ ನಮ್ಮ ಕಡೆ ಇದ್ದದ್ದೇ. ಹಸಿ ಬನಿಯನ್, ಹಸಿ ಸೊಂಟದ ಪಟ್ಟಿ ಹಾಕಬೇಡಿ, ಒಲೆಯ ಹತ್ತಿರವಾದರೂ ಹರವಿ ಒಣಗಿಸಿ. ಉಂಬಳ (ಜಿಗಣೆ) ಕಚ್ಚಿದರೆ ಸ್ಪರ್ಶ ಇಲ್ಲದವರಿಗೆ ಗೊತ್ತಾಗುವುದಿಲ್ಲ. ತೋಟದ ಕಡೆ ಕುರ್ಚಿ ತಳ್ಳಿಕೊಂಡು ಹೋಗಿ ಬಂದರೆ ಹೊಟ್ಟೆ, ಸೊಂಟ ಒಮ್ಮೆ ನೋಡಿ.

ರೀಫಿಲ್ ತಾರೀಕು ಮಾತ್ರ ಯಾವ ಕಾರಣಕ್ಕೂ ತಪ್ಪಬಾರದು. ಜುಲೈ, ಆಗಸ್ಟ್‌ನಲ್ಲಿ ಬರುವುದಾದರೆ ಒಂದು ವಾರ ಮೊದಲೇ ಮಾಡಿಸಲು ಕೇಳಿಕೊಳ್ಳಿ. ಮರ ಬಿತ್ತು, ಧರೆ ಕುಸಿಯಿತು, ಬಸ್ ಇಲ್ಲ ಅಂದರೆ ಪಂಪ್ ಕೇಳುವುದಿಲ್ಲ. ಮನೆಯಲ್ಲಿ ಬ್ಯಾಕ್ಲೋಫೆನ್ ಮಾತ್ರೆ ಒಂದು ಪಟ್ಟಿ ಇಟ್ಟುಕೊಳ್ಳಿ. ಯಾವಾಗ ಎಷ್ಟು ಕೊಡಬೇಕು ಅಂತ ಪಂಪ್ ತಂಡದಿಂದ ಮೊದಲೇ ಬರೆಸಿಕೊಂಡಿರಿ.

ನಿಮ್ಮ ಭಾವ ಈಗ ಹೇಗಿದ್ದಾರೆ?

ಐದು ತಿಂಗಳ ಮೇಲೆ ಬಲಗಡೆಗೆ ಹೊಸ ಪಂಪ್ ಹಾಕಿದರು. ಎಡಗಡೆಯ ಹಳೇ ಗಾಯದ ಗುರುತು ಒಳಗೆ ಸೆಳೆದುಕೊಂಡು ಸಣ್ಣ ಗುಳಿಯಾಗಿದೆ. ಒಂದು ಕಿವಿ ಸ್ವಲ್ಪ ಮಂದ. ಮೆನಿಂಜೈಟಿಸ್‌ನಿಂದಲೋ ವಯಸ್ಸಿನಿಂದಲೋ ಅಂತ ಕಿವಿ ಡಾಕ್ಟರು ಹೇಳಲಿಲ್ಲ. ಕೊಯ್ಲಿನ ಹೊತ್ತಿನಲ್ಲಿ ಕುರ್ಚಿಯನ್ನು ಚಪ್ಪರದ ಕೆಳಗೆ ಹಾಕಿಸಿಕೊಂಡು ಅಡಿಕೆ ಸುಲಿಯುವವರ ಲೆಕ್ಕ ಬರೆಯುತ್ತಾರೆ. ಅಕ್ಕ ಈಗಲೂ ದಿನಾ ಬೆಳಿಗ್ಗೆ ಅವರ ಬನಿಯನ್ನನ್ನು ಬೆಳಕಿಗೆ ಹಿಡಿದು ನೋಡಿಯೇ ಒಗೆಯಲು ಹಾಕುವುದು.